ದೋರನಹಳ್ಳಿಯಲ್ಲಿ ಇಂಗ್ಲಿಷ್ ಗುಲಾಬಿ

ಗಂಡ ಹೆಂಡತಿ ಜಗಳವಾಡುವ ಮನೆಗೆ ಅಷ್ಟೇನೂ ಅಪಾಯವಿಲ್ಲ. ಒಬ್ಬರು ಮುಂದಕ್ಕೆ ನುಗ್ಗಿದರೆ ಇನ್ನೊಬ್ಬರು ಹಿಂದಕ್ಕೆ ಜಗ್ಗುತ್ತಾರೆ, ಸಂಸಾರ ಇದ್ದಲ್ಲೇ ಇರುತ್ತದೆ. ಅಪಾಯವಿರುವುದು ಇಬ್ಬರೂ ಒಂದೇ ಮಾತಿಗೆ ಒಪ್ಪಿಕೊಂಡಾಗ. ನಾನೂ ನನ್ನ ಹೆಂಡತಿ ಮಾದೇವಿಯೂ ಈವರೆಗೆ ಚರ್ಚೆಯಿಲ್ಲದೆ ಒಪ್ಪಿಕೊಂಡದ್ದು ಒಂದೇ ಒಂದು ವಿಷಯಕ್ಕೆ: ದೋರನಹಳ್ಳಿಯ ನಮ್ಮ ಹೊಲದ ಮನೆಯ ಮುಂದೆ ಇಂಗ್ಲಿಷ್ ಮಾದರಿಯ ಗುಲಾಬಿ ತೋಟ ಮಾಡಬೇಕು ಎಂಬುದಕ್ಕೆ.

ನಾನು ಶಹಾಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಾದೇವಿ ಊರಿನ ಶಾಲೆಯ ಶಿಕ್ಷಕಿ. ಒಂದು ದಿನ ಮೊಬೈಲಿನಲ್ಲಿ ನಮ್ಮದೇ ವಯಸ್ಸಿನ ಇಂಗ್ಲಿಷ್ ದಂಪತಿ ತಮ್ಮ ತೋಟವನ್ನು ತೋರಿಸುತ್ತಿದ್ದರು. ಕಲ್ಲು ಹಾಸಿದ ದಾರಿ, ಕಮಾನಿನ ಮೇಲೆ ಹಬ್ಬಿದ ಗುಲಾಬಿ, ಕೆಳಗೊಂದು ಬೆಂಚು, ಬೆಂಚಿನ ಮೇಲೆ ಚಹಾ. ನನಗೆ ಗುಲಾಬಿ ಹಿಡಿಸಿತು. ಮಾದೇವಿಗೆ ಹಿಡಿಸಿದ್ದು ಆ ಗಂಡ ತಾನೇ ಚಹಾ ಮಾಡಿ ತಂದದ್ದು ಎಂಬುದು ನನಗೆ ಆಮೇಲೆ ತಿಳಿಯಿತು. ಅಷ್ಟರಲ್ಲಿ ಸಸಿಗಳು ಬಂದುಬಿಟ್ಟಿದ್ದವು.

ತಮ್ಮ ಊರಿನಲ್ಲಿ ಬಿಸಿಲೇ ಇಲ್ಲವೆಂಬ ಸಂಗತಿಯನ್ನು ಆ ದಂಪತಿ ಹೇಳಿರಲಿಲ್ಲ. ನಮ್ಮದೋ ಹತ್ತಿ, ತೊಗರಿಯ ಎರೆ ಭೂಮಿ. ಮಳೆ ಬಂದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಟ್ಟು ಕೀಲಿಕೈ ನುಂಗುತ್ತದೆ. ಕೆಂಪು ಮಣ್ಣು ತರಿಸಿ ಎತ್ತರದ ಮಡಿ ಕಟ್ಟಿಸಿದೆವು. ಆದರೂ ಸಸಿಗಳು ಬಾಡತೊಡಗಿದಾಗ ಮಾದೇವಿ ತನ್ನ ಹಳೆಯ ಇಳಕಲ್ ಸೀರೆಗಳನ್ನು ನೆರಳಿಗೆ ಕಟ್ಟಿದಳು. ಯಾದಗಿರಿಯ ಕಡೆಗೆ ಹೊರಟಿದ್ದ ಒಬ್ಬ ಹೆಂಗಸು ಆಟೊ ನಿಲ್ಲಿಸಿ, "ಸೀರಿ ಹೆಂಗ್ ಕೊಟ್ರಿ?" ಎಂದು ಕೇಳಿದಳು.

ಕಮಾನಿಗಾಗಿ ಶಹಾಪುರದ ವೆಲ್ಡಿಂಗ್ ಅಂಗಡಿಯ ಸಲೀಂಸಾಬರಿಗೆ ಚಿತ್ರ ತೋರಿಸಿದೆ. "ಬಾಗಲಾನೇ ಇಲ್ದ ಕಮಾನ್ ಯಾಕ್ರಿ ಸರ್?" ಎಂದರು. ಬಳ್ಳಿ ಹಬ್ಬಿಸಲು ಎಂದೆ. ಅವರಿಗೆ ಅದು ಬೋಳಾಗಿ ಕಂಡಿರಬೇಕು. ನಾವು ಕೇಳದಿದ್ದರೂ ಪ್ರೀತಿಯಿಂದ ಮೇಲೆ ಕಬ್ಬಿಣದ ಅಕ್ಷರಗಳಲ್ಲಿ 'ಸುಸ್ವಾಗತ' ಎಂದು ಬೆಸೆದು ತಂದರು. ಹೀಗಾಗಿ ಚಳಿಗಾಲದಲ್ಲಿ ಹೂ ಅರಳಿದ್ದೇ ತಡ, ಜನ ಆ ಬರಹವನ್ನು ನಂಬಿ ಒಳಗೆ ಬರತೊಡಗಿದರು.

ಮೊದಲು ಬಂದವಳು ಪಕ್ಕದ ಹೊಲದ ನಾಗಮ್ಮ. ಸೋಮವಾರ, ಕೈಯಲ್ಲಿ ಪೂಜೆಯ ತಟ್ಟೆ. "ಇವು ಹರಿಯೂ ಹೂ ಅಲ್ರಿ, ನೋಡೂ ಹೂ," ಎಂದು ಮಾದೇವಿ ನಯವಾಗಿ ತಡೆದಳು.

ನಾಗಮ್ಮ ತೋಟವನ್ನೆಲ್ಲ ಒಂದು ಸುತ್ತು ಹಾಕಿ ಬಂದು, "ನೋಡಿದ್ನಿರಿ ಅಕ್ಕೋರ. ಈಗ ಹರ್ಕೊಳ್ಲೇನು?" ಎಂದಳು.

ಇಂಗ್ಲಿಷ್ ತೋಟದಲ್ಲಿ ಹೂ ಗಿಡದಲ್ಲೇ ಇರಬೇಕು ಎಂದು ನಾನು ವಿವರಿಸಿದೆ. ದೇವರಿಗೂ ಇಲ್ಲ, ಮುಡಿಗೂ ಇಲ್ಲ ಎಂದ ಮೇಲೆ ಗಿಡ ಯಾರ ಸಲುವಾಗಿ ಹೂ ಬಿಡುತ್ತದೆ ಎಂದು ಆಕೆ ಕೇಳಿದಳು. ಕಾಲೇಜಿನಲ್ಲಿ ಇಂಥ ಪ್ರಶ್ನೆ ಬಂದರೆ ನಾನು ಗಡಿಯಾರ ನೋಡುತ್ತೇನೆ. ಅಂದು ಕೈಯಲ್ಲಿ ಗಡಿಯಾರವಿರಲಿಲ್ಲ. ನಾಗಮ್ಮ ಖಾಲಿ ತಟ್ಟೆಯೊಂದಿಗೆ ಹೋದಳು, ಮತ್ತೆ ಬರಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ತೋಟ ಮೊಬೈಲಿನಲ್ಲಿ ಕಂಡಂತೆಯೇ ತುಂಬಿ ಅರಳಿತು. ಹಿಗ್ಗಿ ಹೋಗಿ ನನ್ನ ಸಹೋದ್ಯೋಗಿಗಳನ್ನು ಭಾನುವಾರ ಮಧ್ಯಾಹ್ನ ಚಹಾಕ್ಕೆ ಕರೆದೆ. ಅದೇ ದಿನ ನಾಗಮ್ಮನ ಮಗಳು ರೇಣುಕಾಳ ಮದುವೆ, ಅವರ ಮನೆಯ ಮುಂದಿನ ಚಪ್ಪರದಲ್ಲಿ. ಅಂದು ಬೆಳಿಗ್ಗೆ ನಾಗಮ್ಮ ಕಮಾನಿನ ಆಚೆ ನಿಂತು ಕೂಗಿದಳು.

"ಸರ್, ನಿಮ್ಮ ಗಾಡಿ ಕೊಡ್ರಿ. ಸುರಪುರದಿಂದ ಹಾರ ತರಾಕ ಹೋಗಿದ್ದ ನನ್ನ ತಮ್ಮ ಚೀಲ ಬಸ್ಸಿನ್ಯಾಗ ಬಿಟ್ಟು ಇಳದಾನ. ಬಸ್ಸು ಯಾದಗಿರಿಗಿ ಹೋಗ್ಯಾದ."

"ಒಳಗ ಬರ್ರಿ," ಎಂದಳು ಮಾದೇವಿ.

"ಬ್ಯಾಡ್ರಿ ಅಕ್ಕೋರ. ಗಾಡಿ ಅಷ್ಟ ಸಾಕು. ಶಹಾಪುರದಾಗ ಬ್ಯಾರೆ ಹಾರ ಸಿಕ್ಕರ ತರ್ತಾನ."

ಆಕೆಯ ಕಣ್ಣೆದುರಿಗೇ ಹೂವೇ ಹೂವು. ಆದರೆ ಆಕೆ ಕಣ್ಣೆತ್ತಿ ಅತ್ತ ನೋಡಲಿಲ್ಲ, ಕೇಳಲೂ ಇಲ್ಲ. ಸೆರಗಿನ ತುದಿಯನ್ನು ಮಾತ್ರ ಹಿಂಡುತ್ತಿದ್ದಳು. ಮಾದೇವಿ ಒಂದು ಗಳಿಗೆ ಅದನ್ನೇ ನೋಡಿ, ಒಳಗಿನಿಂದ ಕತ್ತರಿ ತಂದಳು. ನಾನು ಕತ್ತರಿಯ ಇನ್ನೊಂದು ತುದಿ ಹಿಡಿದೆ.

"ಮಧ್ಯಾಹ್ನ ಚಹಾಕ್ಕ ಮಂದಿ ಬರಾಕತ್ತಾರ, ಮಾದೇವಿ. ಗಾಡಿ ಕೊಡೂಣು. ಹೋಗಿ ತರ್ಲಿ."

"ಹೋಗಿ ಬರೂದ್ರಾಗ ಮುಹೂರ್ತ ಮೀರ್ತದ. ಬೇಕಾದ್ರ ನೀವೇ ಹೋಗಿ ಐನೋರಿಗಿ ತಡೀರಿ ಅಂತ ಹೇಳ್ರಿ."

"ಹಿಂದಿನ ಸಾಲಿನ್ಯಾಗಷ್ಟ ಕತ್ತರಿಸು."

"ಕತ್ತರಿ ಬಿಡ್ರಿ," ಎಂದಳು. ಶಾಲೆಯಲ್ಲಿ ಮಕ್ಕಳಿಗೆ ಹೇಳುವ ದನಿ ಅದು. ಬಿಟ್ಟೆ.

ಮುಂದಿನ ಸಾಲು, ಹಿಂದಿನ ಸಾಲು, ಕಮಾನಿನ ಬಳ್ಳಿ ಎಲ್ಲವೂ ಬುಟ್ಟಿ ಸೇರಿದವು. ನಾಗಮ್ಮ ಕೊನೆಗೂ ಒಳಗೆ ಬಂದು ಕಣ್ಣೊರೆಸಿಕೊಳ್ಳುತ್ತ ಬುಟ್ಟಿ ಹೊತ್ತಳು. ಹೆಂಗಸರೆಲ್ಲ ಕೂತು ಹಾರ ಕಟ್ಟಿದರು. ಇಂಗ್ಲಿಷ್ ಗುಲಾಬಿಗೆ ದಾರದ ಅಭ್ಯಾಸವಿಲ್ಲ. ಮದುಮಗ ಹಾರ ಹಾಕುವಾಗ ಅರ್ಧಕ್ಕರ್ಧ ಪಕಳೆ ಉದುರಿ ರೇಣುಕಾಳ ಮೇಲೆ ಬಿದ್ದವು. ಅದೊಂದು ಶುಭವೆಂದು ಹಿರಿಯರು ತೀರ್ಮಾನಿಸಿದರು. ರೇಣುಕಾ ನಗುತ್ತಿದ್ದಳು. ನಾಗಮ್ಮ ಮಾದೇವಿಯ ಕೈ ಹಿಡಿದವಳು ಬಿಡಲೇ ಇಲ್ಲ.

ಮಧ್ಯಾಹ್ನ ನನ್ನ ಸಹೋದ್ಯೋಗಿಗಳು ಬಂದು ಹಸಿರು ಕಡ್ಡಿಗಳ ನಡುವೆ ನಿಂತರು. "ಎಲ್ರಿ ಸರ್ ನಿಮ್ಮ ಇಂಗ್ಲಿಷ್ ತೋಟ?" ಎಂದು ಒಬ್ಬರು ಕೇಳಿದರು. ಬೇರೆ ದಾರಿ ಕಾಣದೆ ಚಪ್ಪರಕ್ಕೆ ಕರೆದೊಯ್ದು ವಧೂವರರ ಕೊರಳು ತೋರಿಸಿದೆ. ಕೊನೆಯ ಪಂಕ್ತಿಯಲ್ಲಿ ನಮ್ಮನ್ನು ಊಟಕ್ಕೆ ಕೂರಿಸಿದರು. ಆಗ ಮದುಮಗನ ತಂದೆ ಎಲ್ಲರಿಗೂ ಕೇಳುವಂತೆ, "ಕೇಳೂದಕ್ಕ ಮೊದ್ಲ ತೋಟಾನೇ ಬರಿದು ಮಾಡಿ ಕೊಟ್ರು ನಮ್ಮ ಸರ್. ಇಂಥಾ ಮನಸ್ಸು ಯಾರಿಗಿ ಬರ್ತದ್ರಿ!" ಎಂದರು. ಸಹೋದ್ಯೋಗಿಗಳು ನನ್ನತ್ತ ಗೌರವದಿಂದ ನೋಡಿದರು. ಇಲ್ಲವೆನ್ನಬಹುದಿತ್ತು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಗೋಧಿ ಹುಗ್ಗಿ ಬಡಿಸುತ್ತಿದ್ದವಳು ಮಾದೇವಿ. ಆ ಮಾತು ಅವಳಿಗೂ ಕೇಳಿಸಿತ್ತು. ನನ್ನ ಎಡಗಡೆಯವರಿಗೆ ಎರಡು ಸೌಟು ಹಾಕಿದಳು, ನನ್ನ ಎಲೆ ದಾಟಿ ಬಲಗಡೆಯವರಿಗೂ ಎರಡು ಸೌಟು ಹಾಕಿ ಮುಂದೆ ಹೋದಳು. ನಾನು ಹುಗ್ಗಿ ಕೇಳಲಿಲ್ಲ.