ಲಂಕೆಗೆ ಹತ್ತೇ ಕಿಲೋ

ನಳದ ನೀರು ಬರುವುದು ಬೆಳಗಿನ ನಾಲ್ಕಕ್ಕೆ. ಹನ್ನೆರಡು ಕೊಡ ಹಿಡಿಯಬೇಕು. ಅದರಲ್ಲಿ ಎರಡು ಡಾರ್ಕ್‌ರೂಮಿಗೆ, ನಿನ್ನೆಯ ಮದುವೆಯ ಫೋಟೋ ತೊಳೆಯಲು. ಹಿತ್ತಲಲ್ಲಿ ಬಾಂಡೆ ತಿಕ್ಕಬೇಕು. ಅತ್ತೆಗೆ ಸಕ್ಕರೆಯಿಲ್ಲದ ಚಹಾ (ಸಕ್ಕರೆಯಿಲ್ಲವೆಂದು ಬೈಸಿಕೊಳ್ಳುವುದೂ ಅದರಲ್ಲೇ ಸೇರಿದೆ), ಹದಿನೆಂಟು ಜೋಳದ ರೊಟ್ಟಿ, ನಿದ್ದೆಗಣ್ಣಿನ ಮಗಳಿಗೆ ಎರಡು ಜಡೆ, ಯಜಮಾನರ ಸ್ನಾನಕ್ಕೆ ಬಿಸಿನೀರು. ಇಷ್ಟಾದ ಮೇಲೆ ನಮ್ಮೂರು ವಾಳಪೈಯಲ್ಲಿ ಸೂರ್ಯ ಹುಟ್ಟುತ್ತಾನೆ. ಅಷ್ಟರಲ್ಲಿ ಯಜಮಾನರೂ ಒಂದು ಕೆಲಸ ಮುಗಿಸಿರುತ್ತಾರೆ: ಮಗ್ಗುಲು ಬದಲಿಸಿರುತ್ತಾರೆ.

ಯಜಮಾನರ ಹೆಸರು ರಾಜಮಹ್ಮದ. ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಮದುವೆಗಳಲ್ಲಿ ಹೆಂಗಸರ ಕೋಣೆಗೆ ಅವರನ್ನು ಬಿಡುವುದಿಲ್ಲವಾದ್ದರಿಂದ ಅಲ್ಲಿಗೆ ನಾನು ಹೋಗುತ್ತೇನೆ. ಕ್ಯಾಮೆರಾ ಕಲಿತದ್ದು ಹಾಗೆ. ಒಂದು ನಸುಕಿನಲ್ಲಿ ಬಾಂಡೆ ತಿಕ್ಕುತ್ತಿದ್ದಾಗ ಹಿತ್ತಲ ಗೋಡೆಯ ಮೇಲೆ ಪುನುಗು ಬೆಕ್ಕೊಂದು ಬಂದು ಕುಳಿತಿತು. ರೋಲಿನಲ್ಲಿ ಎರಡು ಫ್ರೇಮು ಉಳಿದಿದ್ದವು. ಬೂದಿಗೈಯಲ್ಲೇ ಕ್ಯಾಮೆರಾ ತಂದು ಒತ್ತಿದೆ. ಆ ಚಿತ್ರಕ್ಕೆ ಪಣಜಿಯ ಸ್ಪರ್ಧೆಯೊಂದರಲ್ಲಿ ಮೊದಲ ಬಹುಮಾನ ಬಂತು: ಶ್ರೀಲಂಕೆಯ ಕಾಡಿನಲ್ಲಿ ಎಂಟು ದಿನ ಪ್ರಾಣಿಗಳ ಫೋಟೋ ತೆಗೆಯುವ ಪ್ರವಾಸ. ಜೊತೆಗೆ ಬಹುಮಾನ ಗೆದ್ದ ಇನ್ನಿಬ್ಬರು ಶಾಲಾ ಟೀಚರಮ್ಮಂದಿರು. ಷರತ್ತು ಒಂದೇ: ಕ್ಯಾಮೆರಾ, ಲೆನ್ಸು ಸೇರಿ ಒಬ್ಬರಿಗೆ ಹತ್ತು ಕಿಲೋ. ಜೀಪು ಚಿಕ್ಕದಂತೆ.

ಹದಿನಾಲ್ಕು ವರ್ಷಗಳಲ್ಲಿ ಒಂದು ಕರವಸ್ತ್ರವನ್ನೂ ಮಡಚಿಡದ ಯಜಮಾನರು ಅಂದಿನಿಂದ ಸಾಮಾನು ಕಟ್ಟುವ ಶಾಸ್ತ್ರದಲ್ಲಿ ಮಹಾಪಂಡಿತರಾದರು. ರದ್ದಿ ಪೇಪರಿನವನಿಂದ ಕೊಂಡಿ ತಕ್ಕಡಿ ತಂದು ಬಾಗಿಲ ಚೌಕಟ್ಟಿಗೆ ನೇತುಹಾಕಿದರು. ನಾನು ಕಟ್ಟಿದ್ದು ಎರಡು ಜೊತೆ ಮಣ್ಣುಬಣ್ಣದ ಬಟ್ಟೆ, ಕ್ಯಾಮೆರಾ, ಸ್ಪರ್ಧೆಯವರು ಕೊಟ್ಟ ಉದ್ದನೆಯ ಲೆನ್ಸು, ಮೂವತ್ತು ರೋಲು. ಸರಿಯಾಗಿ ಒಂಬತ್ತು ಮುಕ್ಕಾಲು. ಸಂಜೆಗೆ ಅದು ಹದಿನೇಳಾಗಿತ್ತು.

ತೆರೆದು ನೋಡಿದರೆ ಮೇಲೆಯೇ ಸ್ಟುಡಿಯೋದ ಕರಿ ಕೋಟು. ಪಾಸ್‌ಪೋರ್ಟ್ ಫೋಟೋದಲ್ಲಿ ಅರ್ಧ ವಾಳಪೈ ತೊಟ್ಟಿರುವ ಕೋಟದು.

"ಇದ್ಯಾಕರಿ?"

"ಫಾರಿನ್ ಅಂದ್ರ ಥಂಡಿ ಇರತೈತಿ."

"ಲಂಕಾ ನಮಗಿಂತ ಕೆಳಗೈತ್ರಿ. ಇಲ್ಲಿಗಿಂತ ಸೆಕಿ."

"ಸೆಕಿ ಇರೂದು ಎಂಥಾ ಫಾರಿನ್ ಬಿಡು," ಎಂದು ಯಜಮಾನರು ಬೇಸರಪಟ್ಟರು.

ಕೋಟಿನ ಕೆಳಗೆ ಅತ್ತೆ ಮರಿಯಮ ಕಟ್ಟಿದ ನಲವತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ.

"ಬುತ್ತಿ ಇಲ್ಲದ ಸೊಸಿನ್ನ ಕಳಿಸಿದ್ಲು ಅಂದಾರು ಮಂದಿ," ಎಂದರು ಅತ್ತೆ.

"ಇದು ಬುತ್ತಿ ಅಲ್ಲರಿ ಅತ್ತಿ, ಸಂತಿ."

"ಆತು, ತಗಿ. ಆದ್ರ ನನ್ನ ಮಾತೂ ಕೇಳು. ಬರೂ ಆಯ್ತಾರ ಒಂದು ದಿನ ನೀ ಇಲ್ದ ಮನಿ ನಡೀಬೇಕು. ನಡದ್ರ ಹೋಗು. ಇಲ್ಲಂದ್ರ ಬರಾಕ ಆಗೂದಿಲ್ಲ ಅಂತ ಕಾಗದ ಹಾಕು."

ಹೀಗೆ ನನ್ನ ಲಂಕೆಗೆ ರಿಹರ್ಸಲ್ ಗೊತ್ತಾಯಿತು. ಆಮೇಲೆ ನಾನು ನನ್ನ ಚೀಲ ಬಿಟ್ಟು ಮನೆಯನ್ನೇ ಕಟ್ಟಿದೆ. ಮಸಾಲೆ, ಬೇಳೆ, ರವೆ ಹೊತ್ತುಹೊತ್ತಿನ ಲೆಕ್ಕದಲ್ಲಿ ಡಬ್ಬಿಗಳಲ್ಲಿ. ಪ್ರತಿ ಡಬ್ಬಿಯ ಮೇಲೂ ಚೀಟಿ: 'ಮಧ್ಯಾಹ್ನ. ಉಪ್ಪು ಹಾಕಿದೆ, ಮತ್ತೆ ಹಾಕಬೇಡಿ.' ಅದನ್ನೂ ತೂಗಿದೆ. ಲಂಕೆಗೆ ಹತ್ತು ಕಿಲೋ ಸಾಕಿತ್ತು. ನಾನಿಲ್ಲದ ಒಂದು ಭಾನುವಾರಕ್ಕೆ ಹನ್ನೊಂದು ಬೇಕಾಯಿತು.

ಭಾನುವಾರ ಬೆಳಿಗ್ಗೆ ಆರಕ್ಕೆ ಚೀಲದೊಂದಿಗೆ ಡಾರ್ಕ್‌ರೂಮು ಹೊಕ್ಕೆ. ಸಂಜೆಯ ಅಜಾನಿನವರೆಗೆ ಅದೇ ಲಂಕೆ. ಆರೂ ಹತ್ತಕ್ಕೆ ಯಜಮಾನರು ಬಾಗಿಲು ಬಡಿದರು.

"ಏ ಖುರ್ಷಿದಾ, ಲಂಕಾದಾಗ ಅದಿಯೇನ? ಕಡ್ಡಿಪೆಟಗಿ ಎಲ್ಲೈತಿ?"

ಉತ್ತರಿಸಿದರೆ ಸೋತಂತೆ.

"ಅಪ್ಪಾ, ಅವ್ವ ಸಮುದ್ರದಾಚಿ ಅದಾಳ, ಹ್ಯಾಂಗ ಕೇಳಸ್ತೈತಿ?" ಎಂದಳು ಮಗಳು ಅಖ್ತರಬಾನು.

ಎಂಟರವರೆಗೆ ಟವೆಲು, ಕನ್ನಡಕ, ಸ್ಟೋವಿನ ಪಿನ್ನು ಎಲ್ಲಕ್ಕೂ ಬಾಗಿಲು ಬಡಿದರು. ಮನೆ ನಡೆಯಲಿ ಎಂದು ಹರಕೆ ಹೊತ್ತವಳು ನಾನು. ಪ್ರತಿ ಬಡಿತಕ್ಕೂ ಒಳಗೊಳಗೇ ಹಿಗ್ಗುತ್ತಿದ್ದವಳೂ ನಾನೇ. ನಾನಿಲ್ಲದೆ ಈ ಮನೆಯೇ! ಆಮೇಲೆ ಬೀದಿಯಲ್ಲಿ ಪಾವು ಬ್ರೆಡ್ಡು ಮಾರುವವನ ಸೈಕಲ್ಲಿನ ಪೊಂ ಪೊಂ ಕೇಳಿತು. ಅಲ್ಲಿಂದಾಚೆಗೆ ನಿಶ್ಶಬ್ದ.

ಒಂಬತ್ತಾಯಿತು, ಹನ್ನೆರಡಾಯಿತು. ಯಾರೂ ಬಡಿಯಲಿಲ್ಲ. ಸುಟ್ಟ ವಾಸನೆಯಿಲ್ಲ, ಜಗಳವಿಲ್ಲ. ಮೂರು ಗಂಟೆಗೆ ತಡೆಯಲಾಗದೆ ಕಳ್ಳಹೆಜ್ಜೆ ಹಾಕಿ ಹೊರಬಂದೆ.

ಚಾಪೆಯ ಮೇಲೆ ಮೂವರೂ ಪಾವು, ಆಮ್ಲೆಟ್ಟು ತಿನ್ನುತ್ತ ನಗುತ್ತಿದ್ದರು. ನನ್ನ ಡಬ್ಬಿಗಳ ಒಂದು ಚೀಟಿಯೂ ಅಲುಗಿರಲಿಲ್ಲ.

"ಬಂದಿ ಏನ? ಪಾಸಾದಿ ನೋಡು," ಎಂದರು ಅತ್ತೆ. "ಮನಿ ನಡೀತು. ಈ ಪಾವು ಭಾಳ ಚಲೋ ಅದಾವ, ಹಲ್ಲಿಗೆ ಹಗರ. ಎಂಟು ದಿನ ಯಾಕ, ಹದಿನೈದು ದಿನ ಇದ್ದು ಬಾ."

"ಅರಾಮ ಹೋಗಿ ಬಾ," ಎಂದರು ಯಜಮಾನರು. "ನಮಗೇನೂ ತ್ರಾಸಿಲ್ಲ."

ಗೆದ್ದಿದ್ದೆ. ಗೆದ್ದವಳ ಮುಖ ಹೇಗಿತ್ತೆಂದು ತಿಳಿಯದು. ಆ ಮನೆಯಲ್ಲಿ ಫೋಟೋ ತೆಗೆಯುವ ಇಬ್ಬರಲ್ಲಿ ಒಬ್ಬರ ಬಾಯಿ ತುಂಬಿತ್ತು, ಇನ್ನೊಬ್ಬಳು ನಾನು.

ಮೂವರೂ ಕೈ ತೊಳೆದು ಅಡ್ಡಾದರು. ನೀರು ಕುಡಿಯಲು ಅಡುಗೆಮನೆಗೆ ಹೋದೆ. ಮನೆಯ ಅಷ್ಟೂ ಪಾತ್ರೆ, ಚಹಾದ ಅಷ್ಟೂ ಕಪ್ಪು, ಮೊಟ್ಟೆ ಕರಕಲಾದ ಬಾಣಲೆ ಮೂಲೆಯ ಬಚ್ಚಲಲ್ಲಿ ಗೋಪುರವಾಗಿದ್ದವು. ಪಕ್ಕದಲ್ಲಿ ಒಗೆಯುವ ಬಟ್ಟೆಯ ಗುಡ್ಡೆ. ಮನೆ ನಡೆದಿರಲಿಲ್ಲ, ನಾನು ಬರುವವರೆಗೆ ಕಾದಿತ್ತು, ಅಷ್ಟೇ. ಒಂದು ದಿನಕ್ಕೆ ಇಷ್ಟಾದರೆ ಎಂಟು ದಿನಕ್ಕೆ ಎಷ್ಟೆಂದು ಗುಣಿಸುತ್ತ, ಅಭ್ಯಾಸಬಲದಿಂದ ಸೀರೆ ಎತ್ತಿ ಕಟ್ಟಿ, ಬೂದಿಗೆ ಕೈ ಹಾಕಿದೆ.

ಸಂಜೆಯ ಅಜಾನಿಗೆ ಇನ್ನೂ ಮೂರು ಗಂಟೆಯಿತ್ತು.

ಕೈ ಜಾಡಿಸಿದೆ. ಸೀರೆ ಇಳಿಬಿಟ್ಟೆ. ಬುಟ್ಟಿಯಲ್ಲಿ ಉಳಿದಿದ್ದ ಎರಡು ಪಾವು ಎತ್ತಿಕೊಂಡು, ಮಲಗಿದವರನ್ನು ದಾಟಿ, ಲಂಕೆಗೆ ಮರಳಿ ಒಳಗಿನಿಂದ ಚಿಲಕ ಹಾಕಿಕೊಂಡೆ.