ಶಾವಿಗೆ ಕತ್ತರಿಸುವ ಹುದ್ದೆ

ಸಾನ್ ಬಿಬಿಯಾನೊ ಆಸ್ಪತ್ರೆಯ ನರ್ಸುಗಳು ಕೆಲಸ ಬಿಡುವುದಕ್ಕೆ ಶಾವಿಗೆಯೇ ಕಾರಣವೆಂದು ವಿಚಾರಣಾ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿದೆ. ಸಮಿತಿಯಲ್ಲಿ ನಾನೂ ಇದ್ದೆ. ಕ್ಯಾಂಟೀನಿನವನಿಗೆ ಅಲ್ಲೇನು ಕೆಲಸ ಎನ್ನಬೇಡಿ. ಸಮಿತಿ ಎಂದಮೇಲೆ ತಿಂಡಿ ಬೇಕು. ತಿಂಡಿ ತಂದವನನ್ನು ಹೊರಗೆ ನಿಲ್ಲಿಸುವುದು ಶಿಷ್ಟಾಚಾರವಲ್ಲ.

ರಾಜೀನಾಮೆ ಕೊಟ್ಟಿದ್ದ ನರ್ಸ್ ಮಾರಿಸೆಲ್‌ಳನ್ನು ಕರೆಸಲಾಯಿತು.

"ಇಡೀ ವಾರ್ಡಿಗೆ ನಾನೊಬ್ಳೇ, ಡಾಕ್ಟ್ರೇ. ನಲವತ್ತು ರೋಗಿಗಳು. ಕೂರೋಕೆ ಒಂದು ಕುರ್ಚಿನೂ ಇಲ್ಲ. ಕಾಲು ಊದಿ ಚಪ್ಪಲಿ ಹತ್ತಲ್ಲ."

"ಅದೆಲ್ಲ ಸರಿಯಮ್ಮ," ಎಂದರು ನಿರ್ದೇಶಕ ಡಾಕ್ಟರ್ ಎವಾರಿಸ್ತೊ. "ಕಾರಣ ಹೇಳು."

"ಇದೇ ಕಾರಣ."

"ಇದು ಪರಿಸ್ಥಿತಿ. ಕಾರಣ ಬೇರೆ ಇರುತ್ತೆ."

ಇತ್ತು. ಡ್ಯೂಟಿಯಲ್ಲಿ ಪನ್ಸಿತ್ ಶಾವಿಗೆ ತಿಂದರೆ ಅದರ ಎಳೆಯ ಹಾಗೆಯೇ ರೋಗಿಗಳ ಸಾಲೂ ಉದ್ದವಾಗುತ್ತದೆಂದು ನಮ್ಮಲ್ಲಿ ಯಾವ ನರ್ಸನ್ನು ಕೇಳಿದರೂ ಹೇಳುತ್ತಾಳೆ. ಆದರೆ ಕೆಲಸ ಬಿಡುವವಳು ಜೊತೆಯವರಿಗೆ ಪನ್ಸಿತ್ ಹಾಕಿಸದೆ ಹೋಗುವ ಹಾಗೂ ಇಲ್ಲ. ಹೀಗಾಗಿ ಒಬ್ಬಳು ಬಿಡುತ್ತಾಳೆ, ಶಾವಿಗೆ ಬರುತ್ತದೆ, ರೋಗಿಗಳು ಬರುತ್ತಾರೆ, ಇನ್ನೊಬ್ಬಳು ಬಿಡುತ್ತಾಳೆ. ಶಾವಿಗೆ ನನ್ನ ಕ್ಯಾಂಟೀನಿನದು ಎಂಬುದು ಇಲ್ಲಿ ಅಪ್ರಸ್ತುತ.

ಆದೇಶ ಹೊರಟಿತು: "ಆವರಣದೊಳಗೆ ಶಾವಿಗೆಯನ್ನು ನಿಷೇಧಿಸಲಾಗಿದೆ. ಶಾವಿಗೆ ಹಾಕಿಸದವರ ರಾಜೀನಾಮೆಯನ್ನು ಪರಿಗಣಿಸಲಾಗುವುದಿಲ್ಲ."

"ಹಾಕಿಸದೇನೇ ಹೋಗ್ತೀನಿ," ಎಂದಳು ಮಾರಿಸೆಲ್.

ಜೊತೆಯ ನರ್ಸ್ ನಿಲ್ಡಾಳ ಕಣ್ಣು ತುಂಬಿತು. "ಇಷ್ಟು ವರ್ಷ ಜೊತೇಲಿದ್ದು ನಮ್ಮ ಬಾಯಿ ಒಣಗಿಸಿ ಹೋಗ್ತೀಯೇನೇ? ಇಂಥಾ ಜುಗ್ಗಿನಾ ನೀನು?"

ಆಗ ನಾನೊಂದು ಸಲಹೆ ಮಂಡಿಸಿದೆ. ಎಳೆ ಉದ್ದವಿದ್ದರೆ ತಾನೇ ಸಾಲು ಉದ್ದ? ಕತ್ತರಿಸಿಬಿಡೋಣ.

"ಅಯ್ಯಯ್ಯೋ, ಶಾವಿಗೆ ಕತ್ತರಿಸಿದ್ರೆ ಆಯುಸ್ಸು ಕಮ್ಮಿಯಾಗುತ್ತೆ!" ಎಂದಳು ನಿಲ್ಡಾ.

"ಈ ಆಸ್ಪತ್ರೇಲಿ ಆಯುಸ್ಸಿನ ವಿಷಯ ನೋಡ್ಕೊಳ್ಳೋದು ನಾನು," ಎಂದರು ನಿರ್ದೇಶಕರು.

ಆಪರೇಷನ್ ಕತ್ತರಿ ಬಂತು. ಮಾರಿಸೆಲ್ ತನ್ನ ಬೀಳ್ಕೊಡುಗೆಯ ಶಾವಿಗೆಯನ್ನು ತಾನೇ ಉಗುರಿನಷ್ಟುದ್ದಕ್ಕೆ ಕತ್ತರಿಸಿ ಎಲ್ಲರಿಗೂ ಚಮಚದಲ್ಲಿ ಬಡಿಸಿದಳು.

ಮರುದಿನ ರೋಗಿಗಳೇನೋ ಬಂದರು. ಆದರೆ ಎಲ್ಲರೂ ಗಿಡ್ಡ. ಶಿಶುವಿಹಾರದಲ್ಲಿ ಮಂಗಬಾವು ಎದ್ದಿತ್ತು.

"ನೋಡಿದ್ರಾ, ಉದ್ದ ಹೇಗೆ ಇಳೀತು!" ಎಂದು ನಿರ್ದೇಶಕರು ನನ್ನ ಕೈ ಕುಲುಕಿದರು. ಮಾರಿಸೆಲ್‌ಳನ್ನು ಅಲ್ಲಿಯೇ ಶಾವಿಗೆ ಕತ್ತರಿಸುವ ಅಧಿಕಾರಿಯಾಗಿ ನೇಮಿಸಿದರು.

"ನಾನು ಹೊರಟೋಳು, ಡಾಕ್ಟ್ರೇ."

"ಕೂತು ಮಾಡೋ ಕೆಲಸ ಕಣಮ್ಮ."

"ಕೂತು?"

ಕುರ್ಚಿ ತರಿಸಲಾಯಿತು. ಮಾರಿಸೆಲ್ ಅದರಲ್ಲಿ ಕೂತು, ಕಣ್ಣು ಮುಚ್ಚಿ, ಕಾಲು ಚಾಚಿದಳು. ಆಮೇಲೆ ರಾಜೀನಾಮೆ ಪತ್ರವನ್ನು ಇಸಿದುಕೊಂಡು ಉಗುರಿನಷ್ಟುದ್ದಕ್ಕೆ ಕತ್ತರಿಸಿದಳು.

ವಾರದೊಳಗೆ ಉಳಿದ ನರ್ಸುಗಳೂ ಅದೇ ವಿಭಾಗಕ್ಕೆ ವರ್ಗ ಮಾಡಿಸಿಕೊಂಡರು. ಆಸ್ಪತ್ರೆಯನ್ನು ಬಿಡುವವರು ಈಗ ಯಾರೂ ಇಲ್ಲ. ಡ್ರಿಪ್ ಬದಲಿಸುವುದು, ಜ್ವರ ನೋಡುವುದು ಇತ್ಯಾದಿಗಳನ್ನು ರೋಗಿಗಳ ಮಂಚದ ಕೆಳಗೆ ಮಲಗುವ ಅವರ ಮನೆಯವರೇ ಅಚ್ಚುಕಟ್ಟಾಗಿ ನಡೆಸುತ್ತಿದ್ದಾರೆ.

ಮೊನ್ನೆ ಒಬ್ಬ ಅಜ್ಜಿಯ ಮಗ ಬಂದು ಟೋಪಿ ತೆಗೆದು ನಿಂತ. "ಡಾಕ್ಟ್ರೇ, ಅಮ್ಮನ ಜೊತೆಗೆ ಇಡೀ ಸಾಲನ್ನ ನಾನೇ ನೋಡ್ತಿದೀನಿ. ಕೂರೋಕೂ ಜಾಗ ಇಲ್ಲ. ಕೈಲಾಗಲ್ಲ, ಬಿಟ್ಟುಬಿಡ್ತೀನಿ."

ನಿರ್ದೇಶಕರು ಕನ್ನಡಕ ಏರಿಸಿದರು. "ಶಾವಿಗೆ ತಂದಿದೀಯಾ?"

ತಂದಿದ್ದ. ನನ್ನ ಕ್ಯಾಂಟೀನಿನದೇ.

ಮಾರಿಸೆಲ್ ಕೂತಲ್ಲಿಂದಲೇ ಕೈ ಚಾಚಿದಳು. "ಇಲ್ಲಿ ಕೊಡಣ್ಣ. ಎಷ್ಟು ಗಿಡ್ಡ ಬೇಕು?"