ಹತ್ತು ಜನ ತುಂಬುವ ತನಕ ‘ಮಂಜಿನ ಕೋಟೆ’ಯ ಬಾಗಿಲು ತೆರೆಯದಿರುವ ಕುರಿತು

ಸರ್ವರ್ ಆಡಳಿತ ಶಾಖೆ
(ಗ್ಯಾರೇಜಿನ ಹಿಂಬದಿ, ಹಳೇ ಟೈರುಗಳ ಪಕ್ಕ), ಕೊಟ್ಟಿಗೆಹಾರ

ಸಂಖ್ಯೆ: ಸಆಶಾ/ಮಂಕೋ/ಆಟಗಾರರ ಅಭಾವ/14
ದಿನಾಂಕ: ಇದೇ ಭಾನುವಾರ, ಮಧ್ಯಾಹ್ನ ಊಟದ ನಂತರ

ವಿಷಯ: ಅಭಿಮಾನಿಗಳೇ ನಡೆಸುತ್ತಿರುವ ‘ಮಂಜಿನ ಕೋಟೆ’ ಆನ್‌ಲೈನ್ ಆಟಕ್ಕೆ ಒಂದು ನರಪಿಳ್ಳೆಯೂ ನಿಲ್ಲದಿರುವ ಬಗ್ಗೆ.

ಉಲ್ಲೇಖ: 1) ಈ ಶಾಖೆಯ ಸುತ್ತೋಲೆ ಸಂಖ್ಯೆ 1ರಿಂದ 13 (ಯಾರೂ ಓದಿರುವುದಿಲ್ಲ).
2) ಗ್ಯಾರೇಜ್ ಮಾಲೀಕರಾದ ಶ್ರೀ ರಜಬ್ ಅಲಿ ಅವರ ಮೌಖಿಕ ಎಚ್ಚರಿಕೆ, ಬುಧವಾರ, ಚಹಾ ಸಮಯ.

ಪ್ರಸ್ತಾವನೆ:

ಕಂಪನಿಯವರು ಆರು ವರ್ಷಗಳ ಹಿಂದೆ ಮುಚ್ಚಿದ ಸದರಿ ಆಟವನ್ನು ಶಾಖೆಯ ಅಧೀಕ್ಷಕರಾದ ಶ್ರೀ ಸಫ್ದರ್ ಅವರು ತಮ್ಮ ಸೋದರಮಾವ ರಜಬ್ ಅಲಿಯವರ ಕಂಪ್ಯೂಟರಿನಲ್ಲಿ ಮತ್ತೆ ಎಬ್ಬಿಸಿ ಕೂರಿಸಿರುತ್ತಾರೆ. ಹೈಸ್ಕೂಲಿನಲ್ಲಿ ಜೊತೆಗೆ ಆಡಿದ ಏಳು ಗೆಳೆಯರನ್ನು ಮರಳಿ ಒಂದೆಡೆ ಸೇರಿಸುವುದೇ ಉದ್ದೇಶವಾಗಿತ್ತು. ಈಗ ಇಂದು ಸಂಜೆ ಆರರೊಳಗೆ ಯಾರಾದರೂ ನಿಜವಾಗಿ ಆಡುತ್ತಿರುವುದು ಕಣ್ಣಿಗೆ ಬೀಳದಿದ್ದರೆ, ಕಂಪ್ಯೂಟರನ್ನು ವೀಲ್ ಅಲೈನ್‌ಮೆಂಟ್ ಕೆಲಸಕ್ಕೆ ಹಿಂಪಡೆಯುವುದಾಗಿ ಮಾಲೀಕರು ತಿಳಿಸಿರುತ್ತಾರೆ. ಬುಧವಾರದಿಂದ ಅಧೀಕ್ಷಕರು ಅಕ್ಕಿರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿರುವುದನ್ನು ಶಾಖೆ ಗಮನಿಸಿದೆ. ಆದ್ದರಿಂದ ತನಿಖೆ ನಡೆಸಿ ಈ ಕೆಳಕಂಡಂತೆ ದಾಖಲಿಸಲಾಗಿದೆ.

1. ಆಡಲು ಬಯಸುವವರು ನಮೂನೆ-7ರಲ್ಲಿ ಕಾರಣ ಸಹಿತ ಅರ್ಜಿ ಸಲ್ಲಿಸತಕ್ಕದ್ದು. ‘ಸುಮ್ಮನೆ’ ಎಂಬ ಕಾರಣವನ್ನು ಮಾನ್ಯ ಮಾಡಲಾಗುವುದಿಲ್ಲ. ಬಂದ ಅರ್ಜಿಗಳಲ್ಲೆಲ್ಲ ಅದೊಂದೇ ಕಾರಣವಿತ್ತು.

2. ಬಾಳೂರು ಲೈನಿನ ಜೀಪು ಹತ್ತು ಜನ ತುಂಬದೆ ಸ್ಟ್ಯಾಂಡ್ ಬಿಡುವುದಿಲ್ಲ. ಜೀಪಿನವರ ಮನೆಯಲ್ಲಿ ಹುಟ್ಟಿ ಬೆಳೆದ ಅಧೀಕ್ಷಕರು ಇದೇ ಪದ್ಧತಿಯನ್ನು ಕೋಟೆಗೂ ಜಾರಿಗೊಳಿಸಿರುತ್ತಾರೆ. ಮೊದಲು ಬಂದವರು ಆಟದಲ್ಲಿ ಕೋಟೆ ಬಾಗಿಲಾಚೆ ಇರುವ ಬೆಂಚಿನಲ್ಲಿ ಕಾಲು ಗಂಟೆ ಕೂತು ಎದ್ದು ಹೋದರು. ಎರಡನೆಯವರು ಬಂದು ಖಾಲಿ ಬೆಂಚು ನೋಡಿ ಹಾಗೇ ತಿರುಗಿದರು. ಈ ಕ್ರಮದಲ್ಲಿ ಕಳೆದ ತಿಂಗಳು ಅರವತ್ತಮೂರು ಜನ ಬಂದು ಹೋಗಿದ್ದು, ಒಬ್ಬರ ಮುಖವನ್ನು ಇನ್ನೊಬ್ಬರು ನೋಡಿರುವುದಿಲ್ಲ.

3. ಬೆಂಚಿನಲ್ಲಿ ಕುಣಿಯುವುದು, ಬೆಂಚಿನ ಮೇಲೆ ನಿಲ್ಲುವುದು ಹಾಗೂ ಬೆಂಚನ್ನು ಕತ್ತಿಯಿಂದ ಕಡಿಯುವುದನ್ನು ನಿಷೇಧಿಸಲಾಗಿದೆ. ಕತ್ತಿಯನ್ನು ಒಳಗೆ ಹೋದ ನಂತರವೇ ಕೊಡಲಾಗುವುದರಿಂದ ಕೊನೆಯ ಅಪರಾಧ ಈವರೆಗೆ ವರದಿಯಾಗಿಲ್ಲ.

4. ಏಳು ಗೆಳೆಯರಿಗೂ ಬೇಸರವಾಗದಿರಲೆಂದು ಒಂದೊಂದು ಹುದ್ದೆ ನೀಡಲಾಗಿದೆ. ನಂದನ್: ಕತ್ತಿ ಪರವಾನಗಿ ನಿರೀಕ್ಷಕರು. ಭವ್ಯಾ: ಡ್ರ್ಯಾಗನ್ ಕ್ಷೇಮಪಾಲನಾಧಿಕಾರಿ. ಉಳಿದ ಐವರು ಇವರಿಬ್ಬರ ಮೇಲ್ವಿಚಾರಕರು. ಅಧಿಕಾರಿಗಳು ಆಡಿದರೆ ಪಕ್ಷಪಾತವಾದೀತೆಂದು ಅಧೀಕ್ಷಕರೂ ಸೇರಿ ಎಂಟೂ ಜನ ಆಡುವಂತಿಲ್ಲ.

5. ಕೊಲ್ಲುವವರಿಲ್ಲದೆ ಡ್ರ್ಯಾಗನ್ ಬೊಜ್ಜು ಬೆಳೆಸಿಕೊಂಡು ಗುಹೆಯ ಬಾಯಲ್ಲಿ ಸಿಕ್ಕಿಹಾಕಿಕೊಂಡಿದೆ. ಇದಕ್ಕೆ ದಿನಕ್ಕೆ ಎರಡು ಬಾರಿ ವಾಕಿಂಗ್ ಮಾಡಿಸಲು ಸೂಚಿಸಲಾಗಿತ್ತು. ವಾಕಿಂಗ್ ಮಾಡಿಸುವುದೂ ಆಡಿದಂತೆಯೇ ಎಂದು ಮೇಲ್ವಿಚಾರಕರು ಆಕ್ಷೇಪಿಸಿದ್ದರಿಂದ ಕಡತ ಬಾಕಿ ಇದೆ.

6. ನಿನ್ನೆಯ ತನಿಖೆಯಲ್ಲಿ ಒಬ್ಬರು ಮಾತ್ರ ಎದ್ದು ಹೋಗದೆ ಇರುವುದು ಪತ್ತೆಯಾಗಿದೆ. ಬಾಳೂರಿನ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿ ನಿವೃತ್ತರಾದ ಶ್ರೀಮತಿ ರಾಮಮ್ಮನವರು ನಲವತ್ತೊಂದು ದಿನಗಳಿಂದ ಪ್ರತಿ ಸಂಜೆ, ಬೇರಾರೂ ಬಾರದ ಹೊತ್ತಿನಲ್ಲಿ, ಮನೆಯಿಂದಲೇ ಆಟಕ್ಕೆ ಬಂದು ಬೆಂಚಿನಲ್ಲಿ ಕೂತಿರುತ್ತಾರೆ. ಅಧೀಕ್ಷಕರು ಫೋನು ಮಾಡಿ ಕ್ಷಮೆ ಕೋರಲಾಗಿ, ಸದರಿಯವರು, “ಆಟ ಅಂದ್ರೆ ಇದೇ ಅಂದ್ಕಂಡಿದ್ದೆ ಮಾರಾಯ! ಬೆಂಚು ಉಂಟು, ಹಕ್ಕಿ ಹಾರ್ತದೆ, ಚೆನ್ನಾಗೇ ಉಂಟಲ್ಲ. ಆದ್ರೆ ಯಾರೂ ಮಾತಿಗೆ ಬರ್ಲಿಲ್ಲ ನೋಡು, ಅದೊಂದು ಬೇಜಾರು” ಎಂದು ಹೇಳಿಕೆ ನೀಡಿರುತ್ತಾರೆ. ಅಯ್ಯೋ ಎನ್ನಲು ಶಾಖೆಗೆ ಅಧಿಕಾರವಿಲ್ಲ. ಆದಾಗ್ಯೂ, ಅಯ್ಯೋ.

7. ಎಂಟು ಅಧಿಕಾರಿಗಳು ಹಾಗೂ ರಾಮಮ್ಮನವರನ್ನು ಕೂಡಿಸಿದರೂ ಒಂಬತ್ತೇ ಆಗುವುದೆಂದು ಅಧೀಕ್ಷಕರು ತಲೆ ಮೇಲೆ ಕೈ ಹೊತ್ತು ಕೂತಿರಲಾಗಿ, ಸ್ಪ್ಯಾನರ್ ಹುಡುಕುತ್ತ ಬಂದ ರಜಬ್ ಅಲಿಯವರು, “ಜೀಪಿಗಾದ್ರೆ ಡೀಸೆಲ್ ಸುಡ್ತದೆ, ಅದಕ್ಕೆ ಹತ್ತು ಜನ ಕಾಯೂದು. ನಿನ್ನ ಕೋಟೆಗೆ ಎಂತ ಸುಡ್ತದಾ? ಒಬ್ರಿದ್ರೂ ಬಾಗ್ಲು ತೆಗಿ ಮಾರಾಯ!” ಎಂದು ಅಭಿಪ್ರಾಯಪಟ್ಟಿರುತ್ತಾರೆ. ಹದಿಮೂರು ಸುತ್ತೋಲೆಗಳಲ್ಲಿ ಈ ಅಂಶ ಯಾರ ತಲೆಗೂ ಹೊಳೆದಿರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳಲಾಗಿದೆ.

ಆದೇಶ:

ಮೇಲ್ಕಂಡ ಕಾರಣಗಳಿಂದ ಹತ್ತು ಜನರ ನಿಯಮವನ್ನು ಈ ಕ್ಷಣದಿಂದ ರದ್ದುಪಡಿಸಲಾಗಿದೆ. ನಮೂನೆ-7ನ್ನು ಒಲೆಗೆ ಹಾಕಲಾಗಿದೆ. ಎಂಟೂ ಹುದ್ದೆಗಳನ್ನು ರದ್ದುಗೊಳಿಸಿ, ಸದರಿ ಎಂಟೂ ಜನರನ್ನು ಬರೀ ಆಟಗಾರರನ್ನಾಗಿ ಹಿಂಬಡ್ತಿಗೊಳಿಸಲಾಗಿದೆ. ಇದಕ್ಕೆ ಎಲ್ಲರೂ ಕುಣಿದಾಡಿ ಒಪ್ಪಿರುತ್ತಾರೆ. ಕೋಟೆಯ ಬಾಗಿಲನ್ನು ಇಂದು ನಾಲ್ಕು ಗಂಟೆಗೆ ತೆರೆಯಲಾಗುವುದು. ಸುಮ್ಮನೆ ಬರತಕ್ಕದ್ದು.

ಸಹಿ/-
(ಸಫ್ದರ್)
ಅಧೀಕ್ಷಕರು, ನಾಲ್ಕು ಗಂಟೆಯವರೆಗೆ ಮಾತ್ರ

ಪ್ರತಿಗಳು:
1. ಶ್ರೀ ರಜಬ್ ಅಲಿ, ಮಾಲೀಕರು: ಆರು ಗಂಟೆಗೆ ಖುದ್ದು ಬಂದು ನೋಡಿ, ಕಂಪ್ಯೂಟರಿನಿಂದ ಕೈ ದೂರವಿಡಲು ಕೋರಿದೆ.
2. ಡ್ರ್ಯಾಗನ್: ಅಗತ್ಯ ಎಚ್ಚರಿಕೆಗಾಗಿ.
3. ಕಚೇರಿ ಕಡತ: ಇನ್ನು ಮುಂದೆ ಇರುವುದಿಲ್ಲ.
4. ಶ್ರೀಮತಿ ರಾಮಮ್ಮ, ಬಾಳೂರು: ಮಾಹಿತಿಗಾಗಿ ಅಲ್ಲ. ಒಳಗೆ ಬನ್ನಿ ರಾಮಮ್ಮ, ನಾವು ಎಂಟೂ ಜನ ನಿಮಗೇ ಕಾಯ್ತಾ ಇದ್ದೇವೆ.